ಹಾರದೇ ಉಳಿದ ದಿನಗಳು

"ಪೈಲಟ್ಟಾ? ಯಾವ ಏರ್‌ಲೈನ್ಸು?"

ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ಎಲ್ಲಿ ಹೋದರೂ ಇದೇ ಪ್ರಶ್ನೆ. "ಏರ್‌ಲೈನ್ಸ್ ಅಲ್ಲ, ಚಾರ್ಟರ್" ಅಂದ ಕೂಡಲೇ ಕೇಳಿದವರ ಮುಖದಲ್ಲಿ ವೋಲ್ಟೇಜ್ ಇಳಿದುಬಿಡುತ್ತೆ. ಹಾಗಂದ್ರೆ ಏನು ಅಂತ ವಿವರಿಸೋಕೆ ಹೊರಟರೆ ಊಟದ ಪಂಕ್ತಿ ತಪ್ಪಿಹೋಗುತ್ತೆ. ಅದಕ್ಕೇ ಈಗೀಗ ನಮ್ಮಪ್ಪ ಹೇಳೋದನ್ನೇ ನಾನೂ ಹೇಳ್ತೀನಿ: "ಬಾಡಿಗೆ ಟ್ಯಾಕ್ಸಿ ಸಾರ್. ಮೇಲ್ಗಡೆ ಓಡುತ್ತೆ, ಅಷ್ಟೇ."

ಅಪ್ಪ ಹಾಗೆ ಹೇಳೋದರಲ್ಲಿ ವ್ಯಂಗ್ಯ ಏನೂ ಇಲ್ಲ. ಅವರು ಕೆಎಸ್ಸಾರ್ಟಿಸಿಯಲ್ಲಿ 31 ವರ್ಷ ಡ್ರೈವರ್ ಆಗಿದ್ದವರು. ಮೂಡಿಗೆರೆಯಿಂದ ಹೊರಟು ಚಾರ್ಮಾಡಿ ಘಾಟಿ ಇಳಿದು ಮಂಗಳೂರು, ಮಾರನೇ ದಿನ ಅದೇ ಘಾಟಿ ಹತ್ತಿ ವಾಪಸ್ಸು. ಅವರ ಪ್ರಕಾರ ಪ್ರಪಂಚದಲ್ಲಿ ಇರೋದು ಎರಡೇ ಜಾತಿ. ಸ್ಟೀರಿಂಗ್ ಹಿಡಿದವರು, ಹಿಂದೆ ಕೂತವರು. ಎರಡು ಎಕರೆ ಕಾಫಿ ತೋಟ ಮಾರಿ ನನ್ನನ್ನ ಜಕ್ಕೂರಿಗೆ ವಿಮಾನ ಕಲಿಯೋಕೆ ಕಳಿಸಿದಾಗ ನೆಂಟರೆಲ್ಲ ತಲೆ ಕೆಟ್ಟಿದೆಯಾ ಅಂತ ಕೇಳಿದ್ರು. ಅಪ್ಪ ಹೇಳಿದ್ದು ಒಂದೇ ಮಾತು: "ಡ್ರೈವರ್ ಮಗ ಡ್ರೈವರ್ ಆಗ್ತಾನೆ. ಇದರಲ್ಲೇನಿದೆ ಆಶ್ಚರ್ಯ?"

200 ಗಂಟೆ ಹಾರಾಟ ಮುಗಿಸಿ ಕಮರ್ಷಿಯಲ್ ಲೈಸೆನ್ಸ್ ಕೈಗೆ ಬರೋ ಹೊತ್ತಿಗೆ 2008. ಆ ವರ್ಷ ಏನಾಯ್ತು ಅಂತ ನಿಮಗೆಲ್ಲ ಗೊತ್ತೇ ಇದೆ. ಅಮೆರಿಕದಲ್ಲಿ ಬ್ಯಾಂಕು ಮುಳುಗಿತು, ಇಲ್ಲಿ ಏರ್‌ಲೈನ್ಸಿನವರು ಹೊಸಬರನ್ನ ತಗೊಳ್ಳೋದು ನಿಲ್ಲಿಸಿದ್ರು. ಎರಡು ವರ್ಷ ಊರಲ್ಲಿ ಕೂತೆ. "ಏನಪ್ಪಾ ಪೈಲಟ್, ವಿಮಾನ ಎಲ್ಲಿ ನಿಲ್ಸಿದ್ದೀಯ?" ಅಂತ ಅಂಗಡಿ ಹತ್ರ ಜನ ಕೇಳೋರು. ಕೊನೆಗೆ ಸಿಕ್ಕಿದ್ದು ಒಂದು ಚಾರ್ಟರ್ ಕಂಪನಿಯ ಕೆಲಸ. ಬೇರೆ ಏನಾದರೂ ಸಿಗೋ ತನಕ ಇರಲಿ ಅಂತ ಸೇರಿದವನು ಇನ್ನೂ ಇಲ್ಲೇ ಇದ್ದೀನಿ.

ಕೆಲಸ ಹೇಗಿರುತ್ತೆ ಅಂದ್ರೆ...

ನಾನು ಜಾಸ್ತಿ ಓಡಿಸಿದ್ದು ಕಿಂಗ್ ಏರ್ ಬಿ-200. ಎರಡು ಎಂಜಿನ್, ಎರಡು ಪಂಕ, ಎಂಟು ಜನ ಕೂರಬಹುದು. ದೊಡ್ಡ ವಿಮಾನದಲ್ಲಿ ಪೈಲಟ್ ಬಂದ, ಬಾಗಿಲು ಹಾಕಿಕೊಂಡ, "ನಿಮ್ಮ ಕ್ಯಾಪ್ಟನ್ ಮಾತಾಡ್ತಿದ್ದೇನೆ" ಅಂದ, ಮುಗೀತು. ನಮ್ಮಲ್ಲಿ ಹಾಗಿಲ್ಲ. ಗಗನಸಖಿ ಇಲ್ಲ, ಕ್ಲೀನರ್ ಇಲ್ಲ. ಇರೋರು ಇಬ್ಬರು, ನಾನು ಮತ್ತು ಕೋ-ಪೈಲಟ್. ಸೂಟ್‌ಕೇಸ್ ಹತ್ತಿಸೋದು ನಾವು. ಫ್ಲಾಸ್ಕಿನಲ್ಲಿ ಕಾಫಿ ಇದೆಯಾ, ಇಡ್ಲಿಗೆ ಚಟ್ನಿ ಹಾಕಿದ್ದಾರಾ ನೋಡೋದು ನಾವು. ಹಿಂದಿನವರು ಚೆಲ್ಲಿದ ಕಡಲೆಬೀಜ ಸೀಟಿನ ಸಂದಿಯಿಂದ ಹೆಕ್ಕೋದೂ ನಾವೇ. ಆಮೇಲೆ ಬ್ರೆತ್ ಅನಲೈಸರ್ ಊದಿ, ಹವಾಮಾನ ನೋಡಿ, ತೂಕದ ಲೆಕ್ಕ ಬರೆದು, ಇಂಧನ ಹಾಕಿಸಿ, ಮಧ್ಯೆ ಸ್ವಲ್ಪ ಹೊತ್ತು ವಿಮಾನ ಹಾರಿಸೋದು. ಎರಡು ಗಂಟೆ ಹಾರಾಟಕ್ಕೆ ಎಂಟು ಗಂಟೆ ಕಾಯೋದು. ಕಾಯೋದೇ ಕೆಲಸ, ಹಾರೋದು ಬೋನಸ್ಸು :-)

ಬೆಂಗಳೂರಲ್ಲಿ ನಾವು ಹೊರಡೋದು ಹಳೇ ಎಚ್‌ಎಎಲ್ ಏರ್‌ಪೋರ್ಟಿನಿಂದ. 2008ರ ಮೇನಲ್ಲಿ ಏರ್‌ಲೈನ್ಸುಗಳೆಲ್ಲ ದೇವನಹಳ್ಳಿಗೆ ಗಂಟುಮೂಟೆ ಕಟ್ಟಿದ ಮೇಲೆ ಅಲ್ಲಿ ಉಳಿದದ್ದು ನಮ್ಮಂಥವರು. ಆದರೆ ಇಳಿಯೋದು ಎಲ್ಲೆಲ್ಲೋ. ಸಣ್ಣ ಏರ್‌ಸ್ಟ್ರಿಪ್‌ಗಳಲ್ಲಿ ಟವರ್ ಇರಲ್ಲ, ದೀಪ ಇರಲ್ಲ. ಒಂದು ಟಾರು ರಸ್ತೆ, ಒಂದು ಗಾಳಿಚೀಲ, ಒಬ್ಬ ವಾಚ್‌ಮನ್. ಹವಾಮಾನ ವರದಿ ಅಂದರೆ ಆ ವಾಚ್‌ಮನ್ನಿಗೆ ಫೋನ್ ಮಾಡೋದು. "ಏನಣ್ಣಾ, ಎದುರಿನ ಗುಡ್ಡ ಕಾಣ್ತಿದೆಯಾ?" "ಕಾಣ್ತದ್ರಿ." "ಗುಡ್ಡದ ಮೇಲಿನ ಗುಡಿ?" "ಗುಡಿ ಕಾಣವಲ್ದ್ರಿ." ಸರಿ, ಹಾಗಾದರೆ ಅರ್ಧ ಗಂಟೆ ಬಿಟ್ಟು ಹೊರಡೋಣ ಅಂತ ಲೆಕ್ಕ.

ಜನ ಎಂಥೆಂಥವರು ಸಿಗ್ತಾರೆ ಅಂತೀರಿ! ಒಮ್ಮೆ ಒಬ್ಬರು ತಮ್ಮ ತಾಯಿಯನ್ನ ತಿರುಪತಿಗೆ ಕರಕೊಂಡು ಹೋಗೋಕೆ ವಿಮಾನ ಬಾಡಿಗೆಗೆ ತಗೊಂಡಿದ್ರು. ಅಜ್ಜಿಗೆ ಎಂಬತ್ತು ದಾಟಿತ್ತು. ಮೆಟ್ಟಿಲ ಹತ್ರ ಬಂದವರೇ ಚಪ್ಪಲಿ ಬಿಟ್ಟರು. "ಅಜ್ಜಿ, ಚಪ್ಪಲಿ ಹಾಕ್ಕೊಂಡೇ ಬನ್ನಿ" ಅಂದೆ. "ಬ್ಯಾಡಪ್ಪ, ಕೋಟ್ಯಂತರ ರೂಪಾಯಿ ಗಾಡಿ ಅಂತ ಹೇಳವ್ನೆ ನನ್ ಮಗ" ಅಂತ ಚಪ್ಪಲಿ ಕೈಯಲ್ಲಿ ಹಿಡಕೊಂಡೇ ಹತ್ತಿದ್ರು. ಮೇಲೆ ಹೋದ ಮೇಲೆ ಪರದೆ ಸರಿಸಿ ನನ್ನ ಹೆಗಲು ತಟ್ಟಿದ್ರು. ಏನೋ ಆಯ್ತು ಅಂತ ನಾನು ಗಾಬರಿಯಾಗಿ ತಿರುಗಿದರೆ ಕೈಯಲ್ಲಿ ಎರಡು ಚಕ್ಕುಲಿ. "ಊಟ ಆಯ್ತಾ ಮಗಾ? ತಿನ್ನು. ಎಷ್ಟು ಕೊಡ್ತಾರೆ ನಿಂಗೆ ಸಂಬ್ಳ?" ಹದಿನೈದು ವರ್ಷದಲ್ಲಿ ನನ್ನ ಊಟ ಆಯ್ತಾ ಅಂತ ಕೇಳಿದ ಪ್ಯಾಸೆಂಜರುಗಳು ನಾಲ್ಕೋ ಐದೋ ಇರಬಹುದು. ಅವರೆಲ್ಲರ ಮುಖವೂ ನೆನಪಿದೆ.

ಇನ್ನೊಂದು ಮದುವೆ ಪಾರ್ಟಿ. ಬಳ್ಳಾರಿ ಕಡೆ, ಏಪ್ರಿಲ್ ಮಧ್ಯಾಹ್ನ, 41 ಡಿಗ್ರಿ. ಬಿಸಿಲು ಜಾಸ್ತಿಯಾದರೆ ಗಾಳಿ ತೆಳುವಾಗುತ್ತೆ. ರೆಕ್ಕೆಗೆ ಹಿಡಿತ ಕಮ್ಮಿ, ಎಂಜಿನ್ನಿಗೆ ಕಸುವು ಕಮ್ಮಿ, ಅದೇ ವಿಮಾನ ಏಳೋಕೆ ಹೆಚ್ಚು ಉದ್ದದ ರನ್‌ವೇ ಬೇಕು. ಬಿ-200 ತನ್ನದೆಲ್ಲ ಸೇರಿ 5,670 ಕೆಜಿ ಮೀರೋ ಹಾಗಿಲ್ಲ. ಸಣ್ಣ ರನ್‌ವೇಯಲ್ಲಿ ಆ ಬಿಸಿಲಿಗೆ ಅಷ್ಟೂ ಸಿಗಲ್ಲ. "80 ಕೆಜಿ ಇಳಿಸಬೇಕು" ಅಂದೆ. ಬೆಳ್ಳಿ ಪಾತ್ರೆಯ ಟ್ರಂಕು ಇಳಿಸಿ ಅಂತ ನನ್ನ ಅಭಿಪ್ರಾಯ. ಅವರು ದೂರ ಹೋಗಿ ಗುಂಪುಕಟ್ಟಿ ಹತ್ತು ನಿಮಿಷ ಚರ್ಚೆ ಮಾಡಿ ಬಂದ್ರು. ಟ್ರಂಕು ಉಳೀತು, ಸೋದರಮಾವ ಇಳಿದ್ರು!

ನಗಬೇಡಿ, ಪಾಪ. ಆ ಸೋದರಮಾವ ಬಿಸಿಲಲ್ಲಿ ನಿಂತು ನಮಗೆ ಟಾಟಾ ಮಾಡ್ತಾ ಇದ್ದದ್ದು ಈಗಲೂ ಕಣ್ಣಮುಂದಿದೆ.

ಈ ಕೆಲಸದಲ್ಲಿ ಕಷ್ಟದ್ದು ಯಾವುದು ಅಂತ ಹೊಸ ಹುಡುಗರು ಕೇಳ್ತಾರೆ. ಅಡ್ಡಗಾಳಿಯಲ್ಲಿ ಇಳಿಸೋದಾ, ಮೋಡದಲ್ಲಿ ನುಗ್ಗೋದಾ ಅಂತ. ಅದೆಲ್ಲ ಕೈಗೆ ಬರುತ್ತೆ. ಬರದೇ ಇರೋದು "ಆಗಲ್ಲ" ಅನ್ನೋ ಮಾತು. ದೊಡ್ಡ ಏರ್‌ಲೈನ್ಸಿನಲ್ಲಿ ಆಗಲ್ಲ ಅನ್ನೋಕೆ ಒಂದು ಇಡೀ ಆಫೀಸೇ ಇರುತ್ತೆ. ವಿಮಾನ ರದ್ದಾದರೆ ಜನ ಕೌಂಟರಿನಲ್ಲಿ ಕೂತ ಹುಡುಗೀನ ಬೈತಾರೆ, ಪೈಲಟ್ ಮುಖ ಯಾರೂ ನೋಡಿರಲ್ಲ. ನಮ್ಮಲ್ಲಿ ದುಡ್ಡು ಕೊಟ್ಟವರು ಎರಡಡಿ ಹಿಂದೆ ಕೂತಿರ್ತಾರೆ. ಮುಖ ನೋಡಿಯೇ ಹೇಳಬೇಕು.

ಜಕ್ಕೂರಿನಲ್ಲಿ ಕಲಿಯುವಾಗ ಇದರ ಪಾಠ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ರನ್‌ವೇಯಿಂದ ಆಚೆ ಕೃಷಿ ವಿಶ್ವವಿದ್ಯಾಲಯದ ಹೊಲಗಳ ಕಡೆ ಸೀನಿಯರುಗಳು ಒಮ್ಮೆ ಕೈ ತೋರಿಸಿದ್ರು. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಅವರಿದ್ದ ಪುಟ್ಟ ಸೆಸ್ನಾ ಜಕ್ಕೂರಿನಿಂದ ಏರಿದ ಸ್ವಲ್ಪ ಹೊತ್ತಿಗೇ ಬಿದ್ದದ್ದು ಅಲ್ಲಿ. ಚುನಾವಣಾ ಪ್ರಚಾರಕ್ಕೆ ಅಂತ ಕರೀಂನಗರಕ್ಕೆ ಹೊರಟಿದ್ರು. ನಾಲ್ಕೂ ಜನ ಹೋದರು. ನಾವು ದಿನಾ ಅದರ ಮೇಲೇ ಹಾರಿ ಕಲಿತಿದ್ದು. ಯಾರೂ ಆ ಬಗ್ಗೆ ಮಾತಾಡ್ತಿರಲಿಲ್ಲ, ಯಾರೂ ಮರೆತೂ ಇರಲಿಲ್ಲ.

2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರ ಹೆಲಿಕಾಪ್ಟರ್ ನಲ್ಲಮಲ ಕಾಡಿನ ಮೇಲೆ ಮಳೆಯಲ್ಲಿ ಕಾಣೆಯಾದಾಗ ನಾನು ಕೆಲಸ ಇಲ್ಲದೆ ಊರಲ್ಲಿದ್ದೆ. ರಾತ್ರಿಯಿಡೀ ಟೀವಿ ನೋಡಿದ್ವಿ, ಅಪ್ಪ ಮತ್ತು ನಾನು. ಬೆಳಿಗ್ಗೆ ಸುದ್ದಿ ಬಂತು, ಐದು ಜನರಲ್ಲಿ ಯಾರೂ ಉಳಿದಿರಲಿಲ್ಲ. ಅಪ್ಪ ಎದ್ದು ಟೀವಿ ಆರಿಸಿ ಅಂದ್ರು: "ನಿಲ್ಸಿದೋನ್ನ ಜನ ಬೈತಾರೆ ಮಗ. ಬೈಸ್ಕೊಂಡ್ರೆ ಮೈ ಏನೂ ಸವೆಯಲ್ಲ."

ನಮ್ಮ ರಾಜ್ಯದಲ್ಲಿ ಚುನಾವಣೆಗೂ ಮಳೆಗೂ ಅದೇನು ನಂಟೋ ಗೊತ್ತಿಲ್ಲ. ವಿಧಾನಸಭೆ ಚುನಾವಣೆ 2013ರಲ್ಲಿ ಮೇ 5, 2018ರಲ್ಲಿ ಮೇ 12, 2023ರಲ್ಲಿ ಮೇ 10. ಲೋಕಸಭೆಯದ್ದು ಏಪ್ರಿಲ್-ಮೇ. ಪ್ರಚಾರದ ಭರಾಟೆ ಅಂದರೆ ಸರಿಯಾಗಿ ಮುಂಗಾರಿಗೆ ಮುಂಚಿನ ಗುಡುಗು ಮಳೆ ಕಾಲ. ಬೆಳಿಗ್ಗೆ ಆಕಾಶ ಶುಭ್ರ. ಮಧ್ಯಾಹ್ನ ಮೂರರ ಮೇಲೆ ಹೂಕೋಸಿನ ಹಾಗೆ ಮೋಡ ಎದ್ದು ನಲವತ್ತು ಸಾವಿರ ಅಡಿ ದಾಟುತ್ತೆ. ಅದರೊಳಗೆ ಹೋದ ವಿಮಾನವನ್ನ ಮೋಡ ಒನಕೆಯಲ್ಲಿ ಕುಟ್ಟಿದ ಹಾಗೆ ಕುಟ್ಟುತ್ತೆ. ದಿನದ ಮೂರನೇ ಭಾಷಣ ಮುಗಿಸಿ ನಾಯಕರು ಬರೋದೂ ಆಗಲೇ.

2013ರ ಏಪ್ರಿಲ್‌ನಲ್ಲಿ ಹಾಗೇ ಒಬ್ಬರು. ಪಕ್ಷ, ಹೆಸರು ಬೇಡ. ಆರು ಗಂಟೆಯೊಳಗೆ ಬರಲೇಬೇಕು, ಈ ಸ್ಟ್ರಿಪ್ಪಿನಲ್ಲಿ ದೀಪ ಇಲ್ಲ ಅಂತ ಅವರ ಪಿಎಗೆ ನಾಲ್ಕು ಸಲ ಫೋನ್ ಮಾಡಿದ್ದೆ. ಬಂದದ್ದು ಏಳಕ್ಕೆ ಹತ್ತು ನಿಮಿಷ ಇರುವಾಗ. ಸೂರ್ಯ ಮುಳುಗಿದ್ದ, ದಕ್ಷಿಣಕ್ಕೆ ಮಿಂಚು. ಆಗಲ್ಲ ಸಾರ್ ಅಂದೆ. ಹೆಸರು ಕೇಳಿದ್ರು, ಊರು ಕೇಳಿದ್ರು, ಆಮೇಲೆ ಜಾತಿಯನ್ನೂ ಕೇಳಿದ್ರು. "ನಿನ್ನ ಲೈಸೆನ್ಸ್ ಹೆಂಗಿರುತ್ತೋ ನೋಡ್ತೀನಿ" ಅಂತ ಕಾರು ಹತ್ತಿ ಬೆಂಗಳೂರಿಗೆ ರಸ್ತೆಯಲ್ಲೇ ಹೋದ್ರು. ನಾನು, ಕೋ-ಪೈಲಟ್ ರಾತ್ರಿ ಮಂಡಕ್ಕಿ-ಮಿರ್ಚಿ ತಿಂದು ಲಾಡ್ಜಿನಲ್ಲಿ ಮಲಗಿದ್ವಿ. ಅವರು ಮತ್ತೆ ನಮ್ಮ ಕಂಪನಿಗೆ ಫೋನ್ ಮಾಡಲಿಲ್ಲ. ನನಗೆ ಆ ಸೀಸನ್ನಿನಲ್ಲಿ ಬೇರೆ ಎಲೆಕ್ಷನ್ ಟ್ರಿಪ್ಪೂ ಸಿಗಲಿಲ್ಲ. ಬಾಸ್ ಏನೂ ಅನ್ನಲಿಲ್ಲ. ಏನೂ ಅನ್ನದೇ ಇದ್ದದ್ದೇ ಅವರು ಅಂದದ್ದು.

ಆದರೂ ನಿಜ ಹೇಳ್ತೀನಿ, ಅವತ್ತು ಆಗಲ್ಲ ಅನ್ನೋದು ಕಷ್ಟ ಆಗಲೇ ಇಲ್ಲ. ಎದುರಿಗಿದ್ದವರ ಮೇಲೆ ಸಿಟ್ಟು ಬಂದರೆ ಆ ಮಾತು ತಾನಾಗೇ ಬಾಯಿಗೆ ಬರುತ್ತೆ. ಸಿಟ್ಟು ಮಾಡೋಕೆ ಯಾರೂ ಇಲ್ಲದಾಗ ಏನು ಮಾಡೋದು?

2014ರ ಡಿಸೆಂಬರ್. ಮಧ್ಯಾಹ್ನ 2:45ಕ್ಕೆ ಫೋನ್ ಬಂತು. ಏರ್ ಆಂಬುಲೆನ್ಸ್. ಕಲ್ಯಾಣ ಕರ್ನಾಟಕದ ಒಂದು ಊರು. (ಆಗ ಅದನ್ನ ಹೈದರಾಬಾದ್ ಕರ್ನಾಟಕ ಅಂತಿದ್ವಿ.) ಹತ್ತೊಂಬತ್ತು ವರ್ಷದ ಹುಡುಗ, ಡಿಗ್ರಿ ಎರಡನೇ ವರ್ಷ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟು. ಬೆಂಗಳೂರಿಗೆ ತರಬೇಕು. ಆಗಿನ್ನೂ ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಶುರುವಾಗಿರಲಿಲ್ಲ, ಅದು ಆದದ್ದು 2019ರ ನವೆಂಬರ್‌ನಲ್ಲಿ. ಅವರ ಊರಿನಿಂದ ಹತ್ತು ಕಿಲೋಮೀಟರ್ ದೂರದಲ್ಲಿ ಒಂದು ಸಣ್ಣ ಏರ್‌ಸ್ಟ್ರಿಪ್ ಇತ್ತು. ದೀಪ ಇಲ್ಲದ್ದು. ದೀಪ ಇರೋ ರನ್‌ವೇಗೆ ಹೋಗಬೇಕಾದರೆ ರಸ್ತೆಯಲ್ಲಿ ನಾಲ್ಕು ಗಂಟೆ. ಅಷ್ಟು ದೂರ ರಸ್ತೆಯಲ್ಲಿ ಒಯ್ಯೋಕೆ ಅಲ್ಲಿನ ಡಾಕ್ಟರು ಒಪ್ಪಿರಲಿಲ್ಲ.

ಸೂರ್ಯಾಸ್ತ 5:50. ಹಾರಾಟ ಒಂದು ಗಂಟೆ ಐದು ನಿಮಿಷ. ಅಂದರೆ ನಾಲ್ಕೂವರೆಗೆ ಚಕ್ರ ಮೇಲೇಳಬೇಕು. ಸೀಟು ಬಿಚ್ಚಿ ಸ್ಟ್ರೆಚರ್ ಕೂರಿಸಿದ್ವಿ. ಆಕ್ಸಿಜನ್ ಸಿಲಿಂಡರ್ ಕಟ್ಟಿದ್ವಿ. ಇಂಧನ ತುಂಬಿತ್ತು, ಅನುಮತಿಗಳೂ ಬಂದವು. ಡಾಕ್ಟರ್ ಮತ್ತು ವೆಂಟಿಲೇಟರ್ ಬರಬೇಕಿತ್ತು, ಅಷ್ಟೇ. ಅವರು ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಿದ್ರು. ನಾಲ್ಕೂವರೆಗೆ ಫೋನ್ ಮಾಡಿದ್ರೆ, "ಐದೂ ಹತ್ತಾಗುತ್ತೆ ಕ್ಯಾಪ್ಟನ್" ಅಂದ್ರು.

ಐದೂ ಹತ್ತಕ್ಕೆ ಹೊರಟರೆ ಅಲ್ಲಿ 6:15. ಇಪ್ಪತ್ತೈದು ನಿಮಿಷ ತಡ.

ಇಪ್ಪತ್ತೈದು ನಿಮಿಷ ಅಂದರೆ ಏನು ಹೇಳಿ? ಒಂದು ಸೀರಿಯಲ್ ಎಪಿಸೋಡ್. ಆದರೆ ಹಳ್ಳಿ ಕಡೆ ಡಿಸೆಂಬರಿನ ಕತ್ತಲು ಬೆಂಗಳೂರಿನ ಕತ್ತಲಲ್ಲ. ಸುತ್ತ ಒಂದೂ ದೀಪ ಇಲ್ಲದ ಬಯಲಿನಲ್ಲಿ ರನ್‌ವೇ ಎಷ್ಟು ಕೆಳಗಿದೆ ಅನ್ನೋದನ್ನ ಕಣ್ಣು ತಪ್ಪಾಗಿ ಹೇಳುತ್ತೆ. ಇನ್ನೂ ಮೇಲಿದ್ದೀನಿ ಅಂದುಕೊಂಡೇ ನೆಲಕ್ಕೆ ಹೊಡೆದವರಿದ್ದಾರೆ. ಇದು ಧೈರ್ಯದ ಪ್ರಶ್ನೆ ಅಲ್ಲ, ಕಣ್ಣಿನ ರಚನೆಯೇ ಹಾಗೆ.

4:40ಕ್ಕೆ ಆಗಲ್ಲ ಅಂದೆ. ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ಅಲ್ಲಿರ್ತೀವಿ ಅಂದೆ.

ಐದು ನಿಮಿಷಕ್ಕೆ ಹುಡುಗನ ಅಣ್ಣ ಫೋನ್ ಮಾಡಿದ್ರು. ಆಫೀಸಿನವರು ನನ್ನ ನಂಬರ್ ಕೊಟ್ಟಿದ್ರು. ಅಳು ಇಲ್ಲ, ಜೋರು ಇಲ್ಲ. "ಸಾಹೇಬ್ರ, ದೀಪ ಇಲ್ಲಂತ ಅಂದ್ರಂತಲ್ರಿ. ನಾವು ಗಾಡಿ ನಿಂದ್ರಸ್ತೀವ್ರಿ. ಟ್ರ್ಯಾಕ್ಟರ್ ಅದಾವು, ಜೀಪ್ ಅದಾವು, ಎರಡೂ ಕಡೆ ಸಾಲಾಗಿ ನಿಂದ್ರಸಿ ಲೈಟ್ ಹಾಕ್ತೀವ್ರಿ. ಇಡೀ ಊರೇ ಬರ್ತದ್ರಿ. ನೀವೊಂದ್ ಹೂಂ ಅನ್ರಿ."

ನಾನು ಮನಸ್ಸಿನಲ್ಲೇ ಆ ಸಾಲನ್ನ ನೋಡಿದೆ. ಒಂದು ಊರಿನ ಗಾಡಿಗಳೆಲ್ಲ ಒಬ್ಬ ಹುಡುಗನಿಗೋಸ್ಕರ ಕತ್ತಲಲ್ಲಿ ಸಾಲುಗಟ್ಟಿ ನಿಂತಿರೋದು. ಒಂದು ಕ್ಷಣ ಹೂಂ ಅಂದೇಬಿಡ್ತಿದ್ದೆ. ಪಕ್ಕದಲ್ಲಿ ಕೋ-ಪೈಲಟ್ ನಿಂತಿದ್ದ, ಮದುವೆಯಾಗಿ ಎರಡು ತಿಂಗಳಾಗಿತ್ತು. ಬರೋ ಡಾಕ್ಟರಿಗೆ ಒಂದು ಪುಟ್ಟ ಮಗು. ಹೆಡ್‌ಲೈಟು ಎದುರಿನಿಂದ ಕಣ್ಣಿಗೆ ಹೊಡೆಯುತ್ತೆ, ಯಾವನೋ ಒಬ್ಬ ಗಾಬರಿಯಲ್ಲಿ ಟ್ರ್ಯಾಕ್ಟರ್ ಮುಂದಕ್ಕೆ ಬಿಟ್ಟರೆ? ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ನಾವು ಜನರ ಮಧ್ಯೆ ಇಳೀತಿರ್ತೀವಿ.

"ಆಗಲ್ಲ ಅಣ್ಣಾ. ಬೆಳಿಗ್ಗೆ ಬರ್ತೀವಿ" ಅಂದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ "ಆತ್ರಿ" ಅಂದು ಇಟ್ಟರು.

ರಾತ್ರಿ ನಿದ್ದೆ ಬಂತಾ ಅಂತ ಕೇಳಬೇಡಿ. 4:45ಕ್ಕೆ ಏರ್‌ಪೋರ್ಟಿನಲ್ಲಿದ್ದೆ. ಹೊರಡೋ ಮುಂಚೆ ಅಣ್ಣನಿಗೆ ಫೋನ್ ಮಾಡಿದೆ. "ಅದಾನ್ರಿ, ಉಸಿರು ಐತ್ರಿ, ಬರ್ರಿ" ಅಂದ್ರು. 5:45ಕ್ಕೆ ಹೊರಟ್ವಿ. ಪೂರ್ವದಲ್ಲಿ ಕೆಂಪು ಗೆರೆ ಏಳ್ತಾ ಇತ್ತು. ಎಷ್ಟೋ ಸಲ ನೋಡಿದ ದೃಶ್ಯ. ಅವತ್ತು ಮಾತ್ರ ಆ ಸೂರ್ಯನ ಮೇಲೆ ಸಿಟ್ಟು ಬರ್ತಿತ್ತು, ನಿನ್ನೆ ಇಷ್ಟು ಅವಸರ ಏನಿತ್ತಪ್ಪಾ ನಿನಗೆ ಅಂತ.

6:50ಕ್ಕೆ ಸ್ಟ್ರಿಪ್ ಮೇಲೆ ಬಂದ್ವಿ. ಇಂಥ ಕಡೆ ಮೊದಲು ಒಂದು ಸುತ್ತು ಕೆಳಗೆ ಹಾರಿ ನೋಡೋದು ರೂಢಿ. ನೋಡಿದರೆ ರನ್‌ವೇ ಮಧ್ಯದಲ್ಲಿ ಎಮ್ಮೆಗಳು. ಹತ್ತು ಹನ್ನೆರಡು ಇರಬಹುದು. ಅರ್ಧ ಎದ್ದು ನಿಂತಿದ್ದವು, ಅರ್ಧ ಇನ್ನೂ ಮಲಗಿದ್ದವು. ಒಬ್ಬ ಮನುಷ್ಯ ಬೈಕನ್ನ ಪಕ್ಕಕ್ಕೆ ಒಗೆದು, ಹೆಗಲ ಮೇಲಿನ ಟವೆಲ್ ಬೀಸುತ್ತಾ ಅವುಗಳ ಹಿಂದೆ ಓಡ್ತಾ ಇದ್ದ. ನಾವು ಇನ್ನೊಂದು ಸುತ್ತು ಹೊಡೆದು ಬರೋಷ್ಟರಲ್ಲಿ ಎಲ್ಲವನ್ನೂ ಬೇಲಿಯಾಚೆ ದಾಟಿಸಿದ್ದ.

ಇಳಿದು ಎಂಜಿನ್ ಆರಿಸಿ ಬಾಗಿಲು ತೆಗೆದೆ. ಆಂಬುಲೆನ್ಸ್ ಕಾಣಲಿಲ್ಲ. ಆ ಮನುಷ್ಯ ಏದುಸಿರು ಬಿಡ್ತಾ ಹತ್ತಿರ ಬಂದ್ರು. ಮೂವತ್ತರ ಆಸುಪಾಸು. ಧ್ವನಿ ಕೇಳಿದ ಕೂಡಲೇ ಗೊತ್ತಾಯ್ತು, ಅಣ್ಣ.

"ತಮ್ಮ ಹೋದಾನ್ರಿ. ಆರು ಹೊಡಿಯೂಕ ಹತ್ತು ನಿಮಿಷ ಇತ್ತು. ಫೋನ್ ಹಚ್ಚಿದ್ನಿರಿ, ನಿಮ್ದು ಸ್ವಿಚ್ ಆಫ್ ಬಂತು. ಮ್ಯಾಲೆ ಇದ್ರಿ ಅಂತ ತಿಳೀತು."

ನನಗೆ ಬಾಯಿ ಬರಲಿಲ್ಲ. ಡಾಕ್ಟರ್ ಕೆಳಗಿಳಿದು ಅವರ ಕೈ ಹಿಡಕೊಂಡ್ರು. ಸ್ವಲ್ಪ ಹೊತ್ತಾದ ಮೇಲೆ ನಾನು, ಕೇಳಬಾರದಿತ್ತೇನೋ, "ಮತ್ತೆ ನೀವು ಇಲ್ಲಿಗೆ..." ಅಂದೆ.

ಅವರು ಬೇಲಿ ಕಡೆ ನೋಡಿದ್ರು. "ಥಂಡಿ ದಿನದಾಗ ಎಮ್ಮಿ ಇಲ್ಲೇ ಬಂದು ಮಲಗ್ತಾವ್ರಿ. ಟಾರು ಬೆಚ್ಚಗಿರ್ತದಲ್ರಿ. ನೀವು ಬಂದು ಇಳಿಯೂರು, ನಿಮಗ ಗೊತ್ತಿರಂಗಿಲ್ಲ. ಅದಕ್ಕ ಹೊಡೀಬೇಕಂತ ಬಂದ್ನಿರಿ."

ತಮ್ಮ ಸತ್ತು ಒಂದು ಗಂಟೆ ಆಗಿತ್ತು. ಅವ್ವನನ್ನ ಆಸ್ಪತ್ರೆಯಲ್ಲಿ ಬಿಟ್ಟು, ಹತ್ತು ಕಿಲೋಮೀಟರ್ ಬೈಕ್ ಹೊಡಕೊಂಡು ಬಂದಿದ್ರು. ಹಿಂದಿನ ದಿನ ಆಗಲ್ಲ ಅಂದವನು ಎಮ್ಮೆ ಮೇಲೆ ಇಳಿಯಬಾರದು ಅಂತ.

ಎಮ್ಮೆಗಳು ರಾತ್ರಿಯೂ ಅಲ್ಲೇ ಇದ್ದಿರ್ತವೆ. ಇಡೀ ಊರು ಬಂದಿದ್ದರೆ ಓಡಿಸಿರ್ತಿದ್ರೋ ಏನೋ. ಹಾಗಾದರೆ ನಾನು ಹೇಳಿದ್ದು ಸರಿ ಅಂತ ಆಯ್ತಾ? ಗೊತ್ತಿಲ್ಲ. ಕೇಳೋಕೆ ಅವರೂ ಬಾಯಿ ತೆರೆಯಲಿಲ್ಲ, ಹೇಳೋಕೆ ನನಗೂ ಆಗಲಿಲ್ಲ. ನಿನ್ನೆ ಬಂದಿದ್ದರೆ ಉಳೀತಿದ್ನಾ ಅಂತ ವಾಪಸ್ ಬರುವಾಗ ಡಾಕ್ಟರನ್ನ ಕೇಳಿದೆ. ಅವರು ರಿಪೋರ್ಟು ನೋಡ್ತಾ ಇದ್ದವರು, "ಅಂಥ ಪೆಟ್ಟಿಗೆ ಹೇಳೋಕಾಗಲ್ಲ" ಅಂದ್ರು. ನನ್ನ ಸಮಾಧಾನಕ್ಕೆ ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಅದಕ್ಕೇ ಅವರ ಮೇಲೆ ಇವತ್ತಿಗೂ ಗೌರವ.

ಹೊರಡೋ ಮುಂಚೆ ಅಣ್ಣ "ರೊಕ್ಕ ಎಷ್ಟು ಆಗ್ತದ್ರಿ, ಬಾಕಿ?" ಅಂತ ಕೇಳಿದ್ರು. ಆಫೀಸಿನವರು ಮಾತಾಡ್ತಾರೆ ಅಂದೆ. ಆ ಲೆಕ್ಕ ಏನಾಯ್ತು ಅಂತ ನಾನು ಆಮೇಲೆ ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು. ಈ ಇಡೀ ಕತೆಯಲ್ಲಿ ನನಗೆ ನಿಜವಾಗಿ ನಾಚಿಕೆ ಆಗೋದು ಅದೊಂದಕ್ಕೆ.

ಅವತ್ತು ಮಧ್ಯಾಹ್ನ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. "ನಿಲ್ಸಿದೋನ್ನ ಬೈತಾರೆ ಅಂದಿದ್ರಲ್ಲ ಅಪ್ಪ, ಇವರು ಬೈಯಲೇ ಇಲ್ಲ" ಅಂದೆ. ಅಪ್ಪ ಸುಮ್ಮನಿದ್ರು. ಲೈನ್ ಕಟ್ ಆಯ್ತೇನೋ ಅಂದುಕೊಂಡೆ. ಆಮೇಲೆ ನನಗೆ ಯಾವತ್ತೂ ಹೇಳಿರದ ಒಂದು ವಿಷಯ ಹೇಳಿದ್ರು.

ನಾನು ಹುಟ್ಟೋಕೆ ಮುಂಚೆ. ಜುಲೈ ತಿಂಗಳ ಒಂದು ರಾತ್ರಿ. ಚಾರ್ಮಾಡಿಯಲ್ಲಿ ಮಂಜು ಹೇಗಿರುತ್ತೆ ಅಂತ ನೋಡಿದವರಿಗೇ ಗೊತ್ತು. ಬಸ್ಸಿನ ಮೂತಿಯೇ ಡ್ರೈವರಿಗೆ ಕಾಣಲ್ಲ. ಅಪ್ಪ ಕೊಟ್ಟಿಗೆಹಾರದಲ್ಲಿ ಬಸ್ಸು ನಿಲ್ಲಿಸಿ, ಬೆಳಗಾಗೋ ತನಕ ಇಳಿಸಲ್ಲ ಅಂದ್ರಂತೆ. ನಲವತ್ತು ಚಿಲ್ಲರೆ ಜನ. ಎಲ್ಲರೂ ಬೈದ್ರು, ಆಮೇಲೆ ಟೀ ಕುಡಿದು ಮಲಗಿದ್ರು. ಒಬ್ಬ ಮಾತ್ರ ಮಲಗಲಿಲ್ಲ. ಅವನ ಅಪ್ಪ ಬೆಳ್ತಂಗಡಿ ಹತ್ರ ತೀರಿಕೊಂಡಿದ್ರಂತೆ, ಮಳೆ ಅಂತ ಬೆಳಕು ಹರಿಯೋ ಮೊದಲೇ ಎತ್ತುತ್ತಾರೆ ಅಂತ ಸುದ್ದಿ ಬಂದಿತ್ತಂತೆ. ಅವನು ಬೈಯಲೂ ಇಲ್ಲ, ಬೇಡಲೂ ಇಲ್ಲ. ರಾತ್ರಿಯಿಡೀ ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಕೊಂಡು ಗಾಜಿನಾಚೆ ಮಂಜು ನೋಡ್ತಾ ನಿಂತಿದ್ದನಂತೆ.

"ಸಿಕ್ತಾ ಅವನಿಗೆ?" ಅಂತ ಕೇಳಿದೆ.

"ಗೊತ್ತಿಲ್ಲ. ಉಜಿರೆಯಲ್ಲಿ ಇಳ್ಕೊಂಡು ಓಡಿದ." ಸ್ವಲ್ಪ ತಡೆದು, "ಅವನ ಮುಖ ಈಗ್ಲೂ ಬರೆದು ತೋರಿಸ್ಬಲ್ಲೆ ನೋಡು. ಉಳಿದ ನಲವತ್ತು ಜನ ಸುಖವಾಗಿ ಮನೆ ಸೇರಿದ್ರಲ್ಲ, ಅವರಲ್ಲಿ ಒಬ್ಬರ ಮುಖವೂ ನೆನಪಿಲ್ಲ."

ಆಮೇಲೆ ಮಾಮೂಲಿನಂತೆ ಊಟ ಆಯ್ತಾ, ಗಾಡಿ ಹೇಗಿದೆ ಅಂತ ಕೇಳಿ ಫೋನ್ ಇಟ್ರು.

ಅಪ್ಪನ ಮಾತು ಸಮಾಧಾನ ಅಂತ ನನಗೆ ಅವತ್ತು ಅನ್ನಿಸಲಿಲ್ಲ. ಈಗಲೂ ಪೂರ್ತಿ ಅನ್ನಿಸಲ್ಲ. ಆದರೆ ಅದಾದ ಮೇಲೆ ಎಷ್ಟೋ ಸಲ ಆಗಲ್ಲ ಅಂದಿದ್ದೀನಿ, ಆಗುತ್ತೆ ಅಂತಾನೂ ಅಂದಿದ್ದೀನಿ. ಹಾರಿಸಿಕೊಂಡು ಬಂದ ರೋಗಿಗಳಲ್ಲಿ ಎಷ್ಟು ಜನ ಬದುಕಿದ್ರು ಅಂತ ಲೆಕ್ಕ ಇಟ್ಟಿಲ್ಲ. ಆಂಬುಲೆನ್ಸ್ ಬಾಗಿಲು ಹಾಕಿಕೊಂಡರೆ ನಮ್ಮ ಪಾಲಿಗೆ ಅವರು ಹೋದರು ಅಂತಲೇ. ಯಾರೋ ಒಬ್ಬರು ಎಂದಾದರೂ ಒಂದು ಸ್ವೀಟ್ ಬಾಕ್ಸ್ ಕಳಿಸ್ತಾರೆ. ಹೆಸರು ಓದಿದರೆ ಯಾರು ಅಂತ ತಲೆಗೆ ಹೊಳೆಯಲ್ಲ.

ಆ ಅಣ್ಣ ಮಾತ್ರ ಡಿಸೆಂಬರ್ ಬಂದಾಗಲೆಲ್ಲ ನೆನಪಾಗ್ತಾರೆ. ಟವೆಲ್ ಬೀಸುತ್ತಾ ರನ್‌ವೇ ಮೇಲೆ ಓಡೋದು. ಮೇಲಿಂದ ನೋಡಿದಾಗ ಚಿಕ್ಕದಾಗಿ, ಶಬ್ದವಿಲ್ಲದೆ. ಈಗ ಯಾವುದೇ ಸಣ್ಣ ಸ್ಟ್ರಿಪ್ಪಿಗೆ ಹೋದರೂ ವಾಚ್‌ಮನ್ನಿಗೆ ಗುಡ್ಡ ಕಾಣುತ್ತಾ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳ್ತೀನಿ. "ದನ-ಎಮ್ಮೆ ಏನಾದ್ರೂ ಇದಾವಾ ಅಣ್ಣಾ?" ಹೊಸ ಕೋ-ಪೈಲಟ್ ಹುಡುಗರು ನಗ್ತಾರೆ. ನಗಲಿ ಬಿಡಿ.

ಅಪ್ಪನಿಗೆ ಈಗ ಎಪ್ಪತ್ತಾರು, ಕಣ್ಣು ಮಂದ. ಹೋದ ತಿಂಗಳು ಊರಿಗೆ ಹೋದಾಗ ಕಾರಿನಲ್ಲಿ ಚಾರ್ಮಾಡಿ ಇಳಿಸಿಕೊಂಡು ಹೋದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಬಂದರೆ ಮಂಜು. ನಾನು ಕೀಲಿ ಕೈಯಲ್ಲಿ ಹಿಡಕೊಂಡು ಅವರ ಮುಖ ನೋಡಿದೆ. ಅವರು ಬೆಂಚಿನ ಮೇಲೆ ಇನ್ನೂ ಸ್ವಲ್ಪ ಆರಾಮಾಗಿ ಕೂತು, "ಇನ್ನೊಂದು ಟೀ ಹೇಳು" ಅಂದ್ರು.

ಸರಿ, ನಾಳೆ ಐದಕ್ಕೆ ರಿಪೋರ್ಟಿಂಗ್. ಹುಬ್ಬಳ್ಳಿ ಹೋಗಿ ಬರೋದು, ಯಾರೋ ಉದ್ಯಮಿಗಳು. ಮಲಗ್ತೀನಿ. ನಿಮ್ಮದೆಲ್ಲ ಊಟ ಆಯ್ತಾ?